ಉದುರಿದ ಕೂದಲನ್ನು ಕ್ಯಾನ್ವಾಸಿನ ಮೇಲೆ ನಿಲ್ಲಿಸುವುದು

ಅಮ್ಮನ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಕ್ಯಾನ್ವಾಸಿನ ಮೇಲೆ ಜಡೆಯಾಗಿಸಬೇಕು, ಆದರೆ ಅಂಟು ನಿಲ್ಲುತ್ತಿಲ್ಲ, ಮನೆಯವರಿಗೂ ಅಸಹ್ಯ ಎಂದು ಬರೆದಿದ್ದೀರಿ. ಅಂಟು ಬಿಡುವುದಕ್ಕೆ ಬಹುಶಃ ಎಣ್ಣೆಯ ಜಿಡ್ಡೇ ಕಾರಣ. ಶಾಂಪೂ ಹಾಕಿ ಎರಡು ಬಾರಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ಆಮೇಲೂ ಅಂಟನ್ನೇ ನಂಬಬೇಡಿ: ಎಳೆಗಳನ್ನು ಕಟ್ಟಾಗಿ ಇಟ್ಟು, ತೆಳುವಾದ ಕಪ್ಪು ದಾರದಿಂದ ಅಲ್ಲಲ್ಲಿ ಹೊಲಿದುಬಿಡಿ. ಕೂದಲು ಬೇಗ ಕೊಳೆಯುವುದಿಲ್ಲ. ಆದರೆ ಉಣ್ಣೆ ಬಟ್ಟೆ ತಿನ್ನುವ ಹುಳುಗಳು ಇದನ್ನೂ ತಿನ್ನುತ್ತವೆ, ಹಾಗಾಗಿ ಗಾಜಿನ ಚೌಕಟ್ಟು ಬೇಕು.

ನನಗೆ ಆ ಅಸಹ್ಯದ ಮಾತೇ ಹೆಚ್ಚು ಮುಖ್ಯವೆನಿಸಿತು. ತಲೆಯ ಮೇಲಿರುವಾಗ ಮೊಗ್ಗಿನ ಜಡೆ ಹೆಣೆದು ಫೋಟೊ ತೆಗೆಸುತ್ತೇವೆ; ಅದೇ ಎಳೆ ಅನ್ನದಲ್ಲಿ ಸಿಕ್ಕರೆ ತಟ್ಟೆಯನ್ನೇ ದೂಡುತ್ತೇವೆ. ನಿಮ್ಮ ಚಿತ್ರದ ಜೀವ ಅಲ್ಲಿದೆ, ಅದನ್ನು ಅಂದಗೊಳಿಸಿ ಮುಚ್ಚಬೇಡಿ. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಕೂದಲಿನ ಹಗ್ಗಗಳಿಂದಲೇ ಕಾರಿನ ಬಂಪರ್‌ಗಳನ್ನು ತೂಗುಹಾಕಿದ್ದರು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವಂಥ ಹಗ್ಗ ಅದು! ಅದರ ಚಿತ್ರಗಳನ್ನು ಹುಡುಕಿ ನೋಡಿ.

ಹಿನ್ನೆಲೆಗೆ ನೀವು ಯೋಚಿಸಿರುವ ವಧು-ವರರ ಜಾಹೀರಾತಿನ ತುಣುಕುಗಳು ಬೇಡ. ಅವು ಹೇಳುವುದನ್ನು ಎಲ್ಲರೂ ಮೊದಲೇ ಊಹಿಸುತ್ತಾರೆ. ಅಮ್ಮನ ಹಳೆಯ ಚೌರಿ, ಜಡೆಕುಚ್ಚು, ತುಕ್ಕು ಹಿಡಿದ ಹೇರ್‌ಪಿನ್ನುಗಳು ಸಿಕ್ಕರೆ ಬಳಸಿ. ಅವರ ಒಪ್ಪಿಗೆಯನ್ನು ಮಾತ್ರ ಇವತ್ತೇ ಕೇಳಿಬಿಡಿ.