ಒಡೆದ ಡಿಫ್ಲೆಕ್ಟರ್‌ಗೆ ಬದಲಿ: ಮೊದಲು ಅಳತೆ ಟೇಪು, ಆಮೇಲೆ ದುಡ್ಡು

ಸರ್, 18 ಇಂಚು ಜಾಲರಿಯ ಕಮಾಡೊ (ಮೊಟ್ಟೆಯಾಕಾರದ ಸೆರಾಮಿಕ್ ಇದ್ದಿಲು ಗ್ರಿಲ್), ಅದರಲ್ಲಿ ಕೆಂಡಕ್ಕೂ ಜಾಲರಿಗೂ ನಡುವೆ ಕೂರೋ ಮೂರು ಕಾಲಿನ ತಡೆಗಲ್ಲು, ಅಂದರೆ ಹೀಟ್ ಡಿಫ್ಲೆಕ್ಟರ್, ನಡುವೆ ಸೀಳಿ ಎರಡಾಗಿದೆ, ಕಂಪನಿಯದ್ದೇ ತರಲಾ ಇಲ್ಲಾ ಕಡಪ ಕಲ್ಲು ಕೊಯ್ಸಿ ಹಾಕಲಾ ಅಂತ ಕೇಳಿದ್ದೀರಿ. ಕಡಪ ಬೇಡವೇ ಬೇಡ. ಅದು ಪದರದ ಸುಣ್ಣಕಲ್ಲು, ಒಳಗೆ ತೇವ ಇದ್ದರೆ ಕೆಂಡದ ಮೇಲೆ ಚಟ್ ಅಂತ ಸಿಡಿದು ಚಕ್ಕೆ ಏಳುತ್ತೆ. ಗ್ರಾನೈಟೂ ನಂಬಿಕಸ್ಥ ಅಲ್ಲ, ಅದರೊಳಗಿನ ಕ್ವಾರ್ಟ್ಜ್ (ಬೆಣಚು) 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಮ್ಮೆಗೇ ಉಬ್ಬುತ್ತೆ. ಮುಚ್ಚಳದ ಮೀಟರ್ 300 ತೋರಿಸ್ತಿದ್ದರೂ ಕೆಂಡಕ್ಕೆ ಮುಖ ಮಾಡಿರೋ ತಳ ಅದಕ್ಕಿಂತ ಬಹಳ ಕಾದಿರುತ್ತೆ. ಸತು ಲೇಪದ ತಗಡಿನ ಮಾತಂತೂ ಎತ್ತಲೇಬೇಡಿ, ಆ ಹೊಗೆ ವಿಷ.

ಯಾವ ಕಲ್ಲು ಅನ್ನೋದಕ್ಕಿಂತ ಎಷ್ಟು ಅಗಲ ಅನ್ನೋದು ದೊಡ್ಡದು. ಡಿಫ್ಲೆಕ್ಟರ್ ಕೆಂಡದ ನೇರ ಝಳ ತಡೀಬೇಕು, ಆದರೆ ಬಿಸಿಗಾಳಿ ಅಂಚಿನ ಸುತ್ತ ಹಾದು ಮೇಲೇರಬೇಕು. ಟೇಪನ್ನು ಗ್ರಿಲ್‌ನ ಬಾಯಿಗೆ ಹಿಡೀಬೇಡಿ, ಕೆಳಗೆ ಹೋದಂತೆ ಒಳಗೋಡೆ ಕಿರಿದಾಗುತ್ತೆ. ಕಲ್ಲು ಕೂರುವ ಮಟ್ಟದಲ್ಲೇ ಅಳೆದು, ಅದರಲ್ಲಿ 2ರಿಂದ 3 ಇಂಚು ಕಳೀರಿ. ಅಲ್ಲಿ 18 ಬಂದರೆ 15–16 ಇಂಚಿನ ದುಂಡುಕಲ್ಲು. ಸುತ್ತ ಹೆಬ್ಬೆರಳು ಸಲೀಸಾಗಿ ಆಡಬೇಕು. ಸಂದು ಕಮ್ಮಿಯಾದರೆ ಕೆಳಗಿನ ಗಾಳಿಕಿಂಡಿ ಪೂರ್ತಿ ತೆಗೆದರೂ ಬಿಸಿ ಏರದೆ ಮೊಂಡು ಹಿಡಿಯುತ್ತೆ. ಜಾಸ್ತಿಯಾದರೆ ಕೋಳಿಯ ಅಂಚು ಕರಕಲು, ನಡು ಹಸಿ.

ವಸ್ತು ಅಂದರೆ ಕಾರ್ಡಿಯರೈಟ್, ಬಿಸಿ ತಾಳೋ ಒಂದು ಬಗೆಯ ಸೆರಾಮಿಕ್. ಬಿಸಿಗೆ ಹಿಗ್ಗೋದು ತೀರಾ ಕಮ್ಮಿ, ಅದಕ್ಕೇ ಕುಂಬಾರಿಕೆ ಭಟ್ಟಿಯ ಹಲಗೆಗಳನ್ನೂ ಅದರಲ್ಲೇ ಮಾಡ್ತಾರೆ. ಅರ್ಧದಿಂದ ಮುಕ್ಕಾಲು ಇಂಚು ದಪ್ಪ ಸಾಕು. ಅಂಗಡಿಯಲ್ಲೇ ಒಂದು ಕೈಯಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆಲ್ಲೋ ಬಿರುಕಿದೆ, ವಾಪಸ್ ಇಡಿ. ಬೀಡುಕಬ್ಬಿಣ ಸುಲಭಕ್ಕೆ ಬಿರಿಯಲ್ಲ, ಆದರೆ ತಾನೇ ಕಾದು ಕೆಳಗಿಂದ ದೋಸೆ ಕಾವಲಿ ಥರ ಝಳ ಹೊಡೆಯುತ್ತೆ, ಎಣ್ಣೆ ಸವರದಿದ್ದರೆ ತುಕ್ಕು. ಸ್ಟೀಲ್ ಆದರೆ 3 ಮಿ.ಮೀ.ಗೆ ಕಮ್ಮಿ ಬೇಡ, ಸೊಟ್ಟಗಾಗುತ್ತೆ.

ಎಡವೋ ಜಾಗ ಇನ್ನೊಂದಿದೆ. ಬಿಗ್ ಗ್ರೀನ್ ಎಗ್ ಕಂಪನಿಯ ಕನ್ವೆಗ್ಟರ್ ಅನ್ನೋ ಡಿಫ್ಲೆಕ್ಟರ್ ಥರದ್ದಕ್ಕೆ ಕಾಲುಗಳೇ ಆಸರೆ, ಕಾಲು ಮೇಲೆ ಮಾಡಿದರೆ ಜಾಲರಿ ಅದರ ಮೇಲೇ ಕೂರುತ್ತೆ. ಬರೀ ದುಂಡುಕಲ್ಲಿಗೆ ಆ ಮಟ್ಟದಲ್ಲಿ ಹಿಡಿಯೋ ಸ್ಟ್ಯಾಂಡ್ ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಸ್ಟ್ಯಾಂಡ್ ಹೇಗೂ ತರೋದಾದರೆ ‘ಕಮಾಡೊ ಜೋ’ ಕಂಪನಿಯ ಗ್ರಿಲ್‌ನಲ್ಲಿರೋ ಹಾಗೆ ಎರಡು ಅರ್ಧಚಂದ್ರ ತುಂಡು ನೋಡಿ. ಒಂದನ್ನು ತೆಗೆದರೆ ಒಂದು ಕಡೆ ನೇರ ಕೆಂಡ, ಇನ್ನೊಂದು ಕಡೆ ನಿಧಾನ ಬೇಯುವ ಜಾಗ.

ಅಂದಹಾಗೆ ನಿಮ್ಮದು ನಡುವೆ ನೇರ ಸೀಳಿದ್ದರೆ ಅದೇ ಅರ್ಧಚಂದ್ರ! ಸ್ಟ್ಯಾಂಡ್ ಮೇಲೆ ಎರಡೂ ತುಂಡು ಅಲ್ಲಾಡದೆ ಕೂತರೆ ಧಾರಾಳವಾಗಿ ಬಳಸಬಹುದು. ಅಂಟು ಮಾತ್ರ ಹಾಕಬೇಡಿ. ಬಿಲ್ ಇದ್ದರೆ ವಾರಂಟಿಯಲ್ಲಿ ಡಿಫ್ಲೆಕ್ಟರೂ ಸೇರಿದೆಯಾ ನೋಡಿಕೊಳ್ಳಿ.

ಒಡೆಯೋದಕ್ಕೆ ಮಾಮೂಲಿ ಕಾರಣ ನೀರು. ತೊಳೆದ ಕಲ್ಲು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತೆ. ಕಲೆ ಹಾಗೇ ಇರಲಿ, ಜಿಡ್ಡಿನ ಮುಖ ಕೆಳಗೆ ಮಾಡಿ ಮುಂದಿನ ಜೋರು ಬೆಂಕಿಗೆ ಬಿಟ್ಟರೆ ಸುಟ್ಟು ಉದುರುತ್ತೆ. ಉರೀತಿರೋ ಗ್ರಿಲ್‌ಗೆ ತಣ್ಣನೆ ಕಲ್ಲು ಇಳಿಸಬೇಡಿ. ಹೊಸದನ್ನು ಮೊದಲ ಸಲ 110–120 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಆಮೇಲೆ ಏರಿಸಿ. ಜಿಡ್ಡು ಹಿಡಿಯೋ ತಟ್ಟೆಯನ್ನು ನೇರ ಕಲ್ಲಿನ ಮೇಲೆ ಇಡದೆ, ಫಾಯಿಲ್ ಮುದುರಿ ಅರ್ಧ ಇಂಚಿನ ಮೂರು ಉಂಡೆ ಮಾಡಿ ಕೆಳಗೆ ಕೊಡಿ. ಗಾಳಿ ಆಡಿದರೆ ಜಿಡ್ಡು ಸೀಯಲ್ಲ, ಮಾಂಸಕ್ಕೆ ಕಹಿ ಹೊಗೆ ಹತ್ತಲ್ಲ.