ಶಿರಸಿಯಿಂದ ಐದು ತಿಂಗಳ ಮಗುವನ್ನು ಅಮೆರಿಕಕ್ಕೆ ಕರೆದೊಯ್ಯುವಾಗ ವಿಮಾನದಲ್ಲಿ ಕಿವಿನೋವು ಬಾರದಂತೆ ಏನು ಮಾಡಬೇಕು?

ವಿಮಾನ ಇಳಿಯತೊಡಗಿದಾಗ ಮಗು ಎಚ್ಚರವಿದ್ದು ಹಾಲು ಕುಡಿಯುತ್ತಿರಬೇಕು, ಅಷ್ಟೇ. ಏರುವಾಗಿನದಕ್ಕಿಂತ ಇಳಿಯುವಾಗಲೇ ನೋವು ಜಾಸ್ತಿ.

ಕಿವಿತಮಟೆಯ ಹಿಂದಿನ ಗಾಳಿ ಮೂಗಿನ ಹಿಂಭಾಗಕ್ಕೆ ಹೋಗುವ ಸಣ್ಣ ನಾಳದಲ್ಲಿ ಓಡಾಡುತ್ತದೆ. ಏರುವಾಗ ಆ ಗಾಳಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಿ ತಮಟೆ ಒಳಕ್ಕೆ ಜಗ್ಗುತ್ತದೆ, ನಾಳ ಅಂಟಿಕೊಳ್ಳುತ್ತದೆ, ನುಂಗಿದರೆ ತೆರೆಯುತ್ತದೆ. ಮಕ್ಕಳಲ್ಲಿ ಈ ನಾಳ ಇನ್ನೂ ಕಿರಿದು. ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗುವಾಗ ನಮ್ಮ ಕಿವಿ ಕಟ್ಟುವುದೂ ಇದರಿಂದಲೇ.

ಇಳಿಯುವುದು ನೆಲ ಮುಟ್ಟುವ ಸುಮಾರು 30 ನಿಮಿಷ ಮೊದಲೇ ಶುರುವಾಗುತ್ತದೆ. ಬೆಲ್ಟ್ ದೀಪಕ್ಕೆ ಕಾಯದೆ ಸಿಬ್ಬಂದಿಯನ್ನು ಕೇಳಿ ಮಗುವನ್ನು ಎಬ್ಬಿಸಿ, ತಲೆ ಎತ್ತರಿಸಿ ಕುಡಿಸಿ. ಅದಕ್ಕೆ ಸ್ವಲ್ಪ ಮೊದಲೇ ಹೊಟ್ಟೆ ತುಂಬಿಸಿಬಿಟ್ಟರೆ ಬೇಕಾದಾಗ ಬಾಯಿ ತೆರೆಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಕುಡಿಯದಿದ್ದರೆ ಚೀಪುವ ನಿಪ್ಪಲ್ ಕೊಡಿ. ಅತ್ತರೆ ಗಾಬರಿ ಬೇಡ, ಅಳುವಾಗಲೂ ಮಗು ನುಂಗುತ್ತದೆ.

ಶೀತವಾಗಿದ್ದರೆ ನಾಳ ಊದಿಕೊಂಡಿರುತ್ತದೆ, ಹೊರಡುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕೈಚೀಲದಲ್ಲಿ ಒಯ್ಯುವ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲಿಗೆ ಸಾಮಾನ್ಯವಾಗಿ ಅನ್ವಯಿಸದು, ತಪಾಸಣೆಯಲ್ಲಿ ಹೊರತೆಗೆದು ತೋರಿಸಿದರಾಯಿತು.