ಅಥಣಿಯ ರೋಗಿ, ವಿಜಯಪುರದ ಲೆಕ್ಕ

ಪ್ರಶ್ನೆ: ನಾನು ಅಥಣಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸದಸ್ಯ. ನಮ್ಮ ಸಿಬ್ಬಂದಿಯ ಬಹಳಷ್ಟು ಸಮಯ ಪೋರ್ಟಲ್‌ಗಳಿಗೆ ಮಾಹಿತಿ ತುಂಬುವುದರಲ್ಲೇ ಹೋಗುತ್ತದೆ. ಆದರೂ ನಮ್ಮ ಜನ ಡಯಾಲಿಸಿಸ್‌ಗೆ, ಹೆರಿಗೆಯ ತೊಡಕಿಗೆ ವಿಜಯಪುರಕ್ಕೋ ಮಿರಜಕ್ಕೋ ಹೋಗುವುದು ತಪ್ಪಿಲ್ಲ. ಜಿಲ್ಲೆಗಳು ಈ ಮಾಹಿತಿಯನ್ನು ಹಂಚಿಕೊಂಡರೆ ನಮ್ಮ ಕಡೆಗೆ ಹಣವೂ ಸೌಲಭ್ಯವೂ ಬರುವಂತೆ ಮಾಡಲು ಸಾಧ್ಯವೇ? ಹಾಗೆ ಹಂಚಿಕೊಂಡರೆ ರೋಗಿಗಳ ಗುಟ್ಟು ಬಯಲಾಗುವುದಿಲ್ಲವೇ?

ಉತ್ತರ: ಸಾಧ್ಯವಿದೆ. ಆದರೆ ಅದಕ್ಕೆ ಈಗಿರುವ ಮಾಹಿತಿಯನ್ನು ಬೇರೆ ರೀತಿಯಲ್ಲಿ ಜೋಡಿಸಬೇಕು. ನಿಮ್ಮ ಕೇಂದ್ರವು ಪ್ರತಿ ತಿಂಗಳು ವರದಿ ತುಂಬುವ ಎಚ್‌ಎಂಐಎಸ್ (ಆರೋಗ್ಯ ನಿರ್ವಹಣಾ ಮಾಹಿತಿ) ವ್ಯವಸ್ಥೆ 2008ರಲ್ಲಿ ಆರಂಭವಾಯಿತು. ಅದು ಮುಖ್ಯವಾಗಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಸೇವೆ ನಡೆಯಿತು ಎಂಬುದನ್ನು ಎಣಿಸುತ್ತದೆ. ತೆಲಸಂಗದ ಕಡೆಯ ಹೆಣ್ಣುಮಗಳೊಬ್ಬಳು ವಿಜಯಪುರದಲ್ಲಿ ಹೆತ್ತರೆ ಆ ಹೆರಿಗೆ ವಿಜಯಪುರದ ಖಾತೆಗೆ ಸೇರುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಹಣವೂ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಸಲ್ಲುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಈ ಯೋಜನೆಯಲ್ಲಿ ನಿಮ್ಮ ತಾಲೂಕಿನ ರೋಗಿ ಹೊರಗೆ ಹೋದಾಗ ಆತನ ಜೊತೆಗೆ ಆ ಹಣವೂ ಹೊರಗೆ ಹೋಗುತ್ತದೆ. ವರ್ಷದ ಕೊನೆಗೆ ಅಂಕಿ ನೋಡುವವರಿಗೆ ಅಥಣಿಯಲ್ಲಿ ಕೆಲಸ ಕಡಿಮೆಯೆಂದು ಕಾಣುತ್ತದೆ, ಕಡಿಮೆ ಕೆಲಸವಿರುವ ಕಡೆಗೆ ಹೆಚ್ಚಿನ ಹಣ ಕೇಳುವುದು ಕಷ್ಟವಾಗುತ್ತದೆ.

ಬೆಳಗಾವಿ ಜಿಲ್ಲೆಗೆ ಈ ತೊಂದರೆ ಹೆಚ್ಚು. 2011ರ ಜನಗಣತಿಯಂತೆಯೇ ಸುಮಾರು 47.8 ಲಕ್ಷ ಜನರಿರುವ ಈ ಜಿಲ್ಲೆಯಲ್ಲಿ ಅಥಣಿಯವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ವಿಜಯಪುರವೂ ಮಿರಜವೂ ಹತ್ತಿರ. ಜನ ತಮಗೆ ಹತ್ತಿರವಾದ ದಾರಿ ಹಿಡಿಯುತ್ತಾರೆ, ಯೋಜನೆ ಮಾತ್ರ ಜಿಲ್ಲೆಯ ಗಡಿಯೊಳಗೇ ತಯಾರಾಗುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು ರೋಗಿಯ ವಾಸದ ಊರಿನ ಪ್ರಕಾರ ವಿಂಗಡಿಸಿದ ಲೆಕ್ಕವನ್ನು. ಯೋಜನೆಯ ಕ್ಲೇಮುಗಳಲ್ಲಿ, ಅಂದರೆ ಚಿಕಿತ್ಸೆಯ ಹಣಕ್ಕಾಗಿ ಆಸ್ಪತ್ರೆಗಳು ಸಲ್ಲಿಸುವ ಕೋರಿಕೆಗಳಲ್ಲಿ, ಫಲಾನುಭವಿ ಯಾರು, ಎಲ್ಲಿಯವರು ಎಂಬುದು ದಾಖಲಾಗುತ್ತದೆ. ಹೀಗಾಗಿ ಯಾವ ತಾಲೂಕಿನವರು ಯಾವ ಚಿಕಿತ್ಸೆಗೆ ಎಲ್ಲಿಗೆ ಹೋದರು ಎಂಬ ಪಟ್ಟಿಯನ್ನು ಹೆಸರುಗಳಿಲ್ಲದೆಯೇ ತಯಾರಿಸಬಹುದು.

ಇದರ ಉಪಯೋಗ ಡಯಾಲಿಸಿಸ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 4 ಗಂಟೆ ಬೇಕು. ಒಂದು ಯಂತ್ರವನ್ನು ದಿನಕ್ಕೆ 3 ಪಾಳಿಯಂತೆ ವಾರಕ್ಕೆ 6 ದಿನ ನಡೆಸಿದರೆ 18 ಸಲ ಆಗುತ್ತದೆ. ವಾರಕ್ಕೆ 3 ಸಲ ಬೇಕಾದವರಾದರೆ ಒಂದು ಯಂತ್ರಕ್ಕೆ 6 ಜನ. ವಾಸದ ಊರಿನ ಲೆಕ್ಕದಲ್ಲಿ ನಿಮ್ಮ ತಾಲೂಕಿನ 30 ಜನ ಹೊರಗೆ ಹೋಗುತ್ತಿದ್ದಾರೆಂದು ತಿಳಿದರೆ 5 ಯಂತ್ರ, ಅದಕ್ಕೆ ತಕ್ಕ ತಂತ್ರಜ್ಞರು, ಶುದ್ಧೀಕರಿಸಿದ ನೀರಿನ ಘಟಕ ಮತ್ತು ವಿದ್ಯುತ್ ವ್ಯವಸ್ಥೆ ಬೇಕೆಂದು ಖಚಿತವಾಗಿ ಬರೆದು ಕೊಡಬಹುದು. ‘ನಮ್ಮ ಜನರಿಗೆ ತೊಂದರೆಯಾಗುತ್ತಿದೆ’ ಎಂಬ ಮನವಿಗಿಂತ ಇಂಥ ಬೇಡಿಕೆಗೆ ಉತ್ತರ ಕೊಡದೆ ಇರುವುದು ಅಧಿಕಾರಿಗಳಿಗೆ ಕಷ್ಟ. ವಾರಕ್ಕೆ ಮೂರು ಸಲ ಬಸ್ ಹತ್ತುವ ರೋಗಿಯ ಮತ್ತು ಜೊತೆಗೆ ಹೋಗುವ ಮನೆಯವರ ಕೂಲಿ ನಷ್ಟ ಯಾವ ಪೋರ್ಟಲ್‌ನಲ್ಲಿಯೂ ಇಲ್ಲ; ಅದನ್ನೂ ನಿಮ್ಮ ಮನವಿಯಲ್ಲಿ ಸೇರಿಸಿ.

ಹಣದಷ್ಟೇ ಮುಖ್ಯವಾದದ್ದು ರೋಗಿ ಊರಿಗೆ ಮರಳಿದ ಮೇಲಿನ ಆರೈಕೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ಇದೆ. ಅಥಣಿಯಲ್ಲಿ ತಾಯಿ ಕಾರ್ಡ್ ಪಡೆದವಳು ವಿಜಯಪುರದ ಆಸ್ಪತ್ರೆಯಲ್ಲಿ ಹೆತ್ತು, ಇಂಡಿ ತಾಲೂಕಿನ ತವರುಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಿ ತಾಯಿ–ಮಗುವನ್ನು ನೋಡಬೇಕೆಂಬ ನಿಯಮವಿದೆ. ಗಂಡನ ಊರಿನ ಆಶಾ ಆಕೆ ಊರಲ್ಲಿಲ್ಲವೆಂದು ಬಿಡುತ್ತಾಳೆ, ತವರಿನ ಆಶಾಗೆ ಆಕೆ ಬಂದದ್ದೇ ತಿಳಿದಿರುವುದಿಲ್ಲ. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿದ್ದ ಬಾಣಂತಿಗೆ ಈ ಅಂತರ ಪ್ರಾಣಾಪಾಯ ತರಬಲ್ಲದು. ಬಿಡುಗಡೆಯ ದಿನವೇ, ಆಕೆ ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಂದೇಶ ತಲುಪಬೇಕು. ನನ್ನ ಅಭಿಪ್ರಾಯದಲ್ಲಿ ಎರಡು ಜಿಲ್ಲೆಗಳು ಮೊದಲು ಹಂಚಿಕೊಳ್ಳಬೇಕಾದ ಮಾಹಿತಿ ಇದೇ. ಆರಂಭದಲ್ಲಿ ಇದಕ್ಕೆ ಹೊಸ ತಂತ್ರಾಂಶವೂ ಬೇಡ, ಎರಡೂ ಕಡೆ ಹೊಣೆ ಹೊತ್ತ ಒಬ್ಬೊಬ್ಬ ಸಿಬ್ಬಂದಿ ಇದ್ದರೆ ಸಾಕು. ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳ ಮಕ್ಕಳ ಲಸಿಕೆಗೂ, ಕ್ಷಯರೋಗಿಗಳ ಮಾತ್ರೆಗೂ ಇದು ಅನ್ವಯಿಸುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕ್ಲೇಮುಗಳ ಲೆಕ್ಕದಲ್ಲಿ ಚಿಕಿತ್ಸೆ ಪಡೆದವರು ಮಾತ್ರ ಸಿಗುತ್ತಾರೆ. ಮಿರಜದಲ್ಲಿ ಕೈಯಿಂದ ದುಡ್ಡು ಕೊಟ್ಟವರು ಅಲ್ಲಿಲ್ಲ, ಬಸ್ಸಿಗೂ ಹಣವಿಲ್ಲದೆ ಮನೆಯಲ್ಲೇ ನರಳಿದವರಂತೂ ಎಲ್ಲಿಯೂ ಇಲ್ಲ. ಬರೀ ಬಳಕೆಯ ಅಂಕಿ ನೋಡಿ ಹಣ ಹಂಚಿದರೆ ಈಗಾಗಲೇ ಜನ ತುಂಬಿರುವ ಆಸ್ಪತ್ರೆಗೇ ಇನ್ನಷ್ಟು ಸಿಗುತ್ತದೆ, ನಿಜವಾದ ಅಗತ್ಯವಿರುವ ಊರು ಹಿಂದೆಯೇ ಉಳಿಯುತ್ತದೆ. ಆಶಾ ಕಾರ್ಯಕರ್ತೆಯರ ಮನೆಮನೆ ಸಮೀಕ್ಷೆಯ ಮಾಹಿತಿಯನ್ನು ಕ್ಲೇಮುಗಳ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗಲೇ, ಸಕ್ಕರೆ ಕಾಯಿಲೆ ಇದೆಯೆಂದು ಗುರುತಿಸಲ್ಪಟ್ಟವರು ಎಷ್ಟು, ಔಷಧ ಪಡೆಯುತ್ತಿರುವವರು ಎಷ್ಟು ಎಂಬ ಅಂತರ ಗೊತ್ತಾಗುತ್ತದೆ.

ಇನ್ನು ದಾರಿಯ ಮಾತು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ಕರ್ನಾಟಕಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಅದರ ಬೇಡಿಕೆ ಜಿಲ್ಲಾ ಆರೋಗ್ಯ ಕ್ರಿಯಾಯೋಜನೆಯಿಂದ ಮೇಲಕ್ಕೆ ಹೋಗುತ್ತದೆ. ಆ ಯೋಜನೆ ಸಿದ್ಧವಾಗುವ ಮೊದಲೇ ನಿಮ್ಮ ಸಮಿತಿ ಲಿಖಿತ ಠರಾವು ಮಾಡಿ ತಾಲೂಕು ಆರೋಗ್ಯಾಧಿಕಾರಿಗೆ ಕೊಡಲಿ. ತಾಲೂಕಿನ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಅದನ್ನು ಎತ್ತುವಂತೆ ಶಾಸಕರನ್ನು ಕೇಳಿಕೊಳ್ಳಿ. ಸಿಬ್ಬಂದಿ ಕಳಿಸಿದ ಮಾಹಿತಿ ಒಟ್ಟುಗೂಡಿದ ಮೇಲೆ ಪ್ರತಿ ತಿಂಗಳು ನಿಮ್ಮ ಕೇಂದ್ರಕ್ಕೆ ಮರಳಿ ಬರಬೇಕೆಂದೂ ಬರೆಯಿರಿ. ತಾವು ತುಂಬಿದ ಅಂಕಿಯಿಂದ ತಮ್ಮ ಊರಿಗೆ ಏನಾಯಿತೆಂದು ಕಾಣುವ ಸಿಬ್ಬಂದಿಯೇ ಅದನ್ನು ಸರಿಯಾಗಿ ತುಂಬುತ್ತಾರೆ.

ಗುಟ್ಟಿನ ಬಗೆಗಿನ ನಿಮ್ಮ ಆತಂಕ ನ್ಯಾಯವಾದದ್ದು. ಯೋಜನೆ ತಯಾರಿಸಲು ಹೆಸರು, ಆಧಾರ್ ಸಂಖ್ಯೆ, ಫೋನ್ ಸಂಖ್ಯೆ ಬೇಕಿಲ್ಲ. ಹೆಸರು ತೆಗೆದರೂ ಸಾಲದು: ಸಣ್ಣ ಊರೊಂದರಲ್ಲಿ ‘ಕ್ಷಯರೋಗಿಗಳು 2’ ಎಂದು ಪ್ರಕಟಿಸಿದರೆ ಅವರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಅಂಥ ಸಣ್ಣ ಸಂಖ್ಯೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಒಟ್ಟುಗೂಡಿಸಿಯೇ ಸಮಿತಿಯ ಮುಂದಿಡಬೇಕು. ಚಿಕಿತ್ಸೆಗಾಗಿ ಒಬ್ಬ ವ್ಯಕ್ತಿಯ ದಾಖಲೆಯನ್ನು ಮತ್ತೊಂದು ಆಸ್ಪತ್ರೆಗೆ ಕಳಿಸುವುದು ಬೇರೆ ವಿಷಯ. ಆಭಾ, ಅಂದರೆ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆಯ ಮೂಲಕ ದಾಖಲೆ ಹಂಚಿಕೊಳ್ಳಲು ರೋಗಿಯ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಅವರು ಹಿಂಪಡೆಯಲೂಬಹುದು. ಆಭಾ ಮಾಡಿಸುವುದು ಸ್ವಇಚ್ಛೆಯ ವಿಷಯ. ಅದು ಇಲ್ಲವೆಂದು ಯಾರಿಗಾದರೂ ಚಿಕಿತ್ಸೆ ನಿರಾಕರಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿಸಿ.